ಮಣ್ಣಿನ ಶಿಲೀಂಧ್ರದಿಂದ ಅರಾಕಿಡೋನಿಕ್ ಆಮ್ಲ: ನನ್ನ ಅನುಭವ

ತಾಯಿಯ ಹಾಲಿನಲ್ಲಿ ಸಹಜವಾಗಿಯೇ ಇರುವ ಅರಾಕಿಡೋನಿಕ್ ಆಮ್ಲವೆಂಬ ಒಮೆಗಾ-6 ಕೊಬ್ಬಿನಾಮ್ಲವು ನಾವು ಅಡುಗೆಗೆ ಬಳಸುವ ಶೇಂಗಾ, ಸೂರ್ಯಕಾಂತಿ, ಕೊಬ್ಬರಿ ಎಣ್ಣೆಗಳಲ್ಲಿ ಇರುವುದಿಲ್ಲ. ಶಿಶು ಆಹಾರದ ಪುಡಿಗೆ ಸೇರಿಸಲು ಅದನ್ನು ಮಾರ್ಟಿಯರೆಲ್ಲಾ ಆಲ್ಪೈನಾ ಎಂಬ ಮಣ್ಣಿನ ಶಿಲೀಂಧ್ರದಿಂದ ತೆಗೆಯುತ್ತಾರೆ. 1980ರ ದಶಕದಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ನಡೆದ ಈ ಕೆಲಸದ ಬಗ್ಗೆ ಓದಿದಂದಿನಿಂದ, ನಮ್ಮ ಮಲೆನಾಡಿನ ಮಣ್ಣಿನಲ್ಲಿಯೂ ಆ ಶಿಲೀಂಧ್ರವನ್ನು ಹುಡುಕಬೇಕೆಂಬ ಹಂಬಲ ನನಗಿತ್ತು.

ಕಾಫಿ ತೋಟಕ್ಕೆ ಅಂಟಿದ ಕಾಡಿನಲ್ಲಿ, ತರಗೆಲೆಯ ಅಡಿಯ ಮಣ್ಣನ್ನು ತಂದು, ಸೂಕ್ಷ್ಮಜೀವಿಗಳನ್ನು ಬೆಳೆಸುವ ಅಗರ್ ತಟ್ಟೆಗಳ ಮೇಲೆ ಹರಡಿ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟೆ. ಬೆಚ್ಚಗಿಟ್ಟರೆ ಟ್ರೈಕೋಡರ್ಮಾದಂಥ ವೇಗವಾಗಿ ಬೆಳೆಯುವ ಶಿಲೀಂಧ್ರಗಳು ಕೆಲವೇ ದಿನಗಳಲ್ಲಿ ಇಡೀ ತಟ್ಟೆಯನ್ನು ಮುಚ್ಚಿಬಿಡುತ್ತವೆ. ಚಳಿಯಲ್ಲಿ ಅವು ಹಿಂದುಳಿದಾಗ ಮಾರ್ಟಿಯರೆಲ್ಲಾ ನಿಧಾನವಾಗಿ, ಹೂವಿನ ಎಸಳುಗಳಂತೆ ಪದರಪದರವಾಗಿ ಬಿಳಿಯಾಗಿ ಹರಡುತ್ತದೆ. ಅದರ ಬೆಳ್ಳುಳ್ಳಿಯಂಥ ವಾಸನೆ ಈಗಲೂ ನನಗೆ ಪ್ರಿಯ.

ಶಂಕುಪಾತ್ರೆಯಲ್ಲಿ ಬೆಳೆಸುವಾಗ ನಾನು ಮಾಡಿದ ತಪ್ಪು ನನ್ನ ಒಂದು ವರ್ಷವನ್ನೇ ತಿಂದಿತು. ಸಾರಜನಕ ಒದಗಿಸುವ ಯೀಸ್ಟ್ ಸಾರವನ್ನು ಧಾರಾಳವಾಗಿ ಹಾಕಿದ್ದರಿಂದ ಕವಕಜಾಲ (ಶಿಲೀಂಧ್ರದ ತಂತುಗಳ ಬಲೆ) ದಟ್ಟವಾಗಿ ಬೆಳೆಯಿತು, ಆದರೆ ಎಣ್ಣೆ ಅತ್ಯಲ್ಪವಾಗಿತ್ತು. ಸಾರಜನಕ ಇರುವವರೆಗೆ ಶಿಲೀಂಧ್ರ ಮೈ ಬೆಳೆಸಿಕೊಳ್ಳುತ್ತದೆ. ಅದು ಮುಗಿದು ಸಕ್ಕರೆ ಮಾತ್ರ ಉಳಿದಾಗಲೇ ಆ ಸಕ್ಕರೆಯನ್ನು ಎಣ್ಣೆಯಾಗಿಸಿ ತಂತುಗಳೊಳಗೆ ಹನಿಹನಿಯಾಗಿ ಕೂಡಿಡುತ್ತದೆ. ಯೀಸ್ಟ್ ಸಾರವನ್ನು ತಗ್ಗಿಸಿ ಗ್ಲೂಕೋಸನ್ನು ಹೆಚ್ಚಿಸಿದ ಮೇಲೆ, ಸೂಕ್ಷ್ಮದರ್ಶಕದಡಿ ಹೊಳೆಯುವ ಆ ಹನಿಗಳನ್ನು ಮೊದಲ ಬಾರಿಗೆ ಕಂಡೆ.

ಸೋಸಿ ತೆಗೆದ ಕವಕಜಾಲವನ್ನು ಕೂಡಲೇ ಒಣಗಿಸಬಾರದೆಂಬುದನ್ನೂ ನಾನು ತಡವಾಗಿ ಅರಿತೆ. ಅದನ್ನು ಹಸಿಯಾಗಿಯೇ ಕೋಣೆಯ ಉಷ್ಣತೆಯಲ್ಲಿ ಕೆಲವು ದಿನ ಬಿಟ್ಟರೆ, ಇತರ ಕೊಬ್ಬಿನಾಮ್ಲಗಳು ಕರಗುತ್ತಾ ಹೋಗಿ ಅರಾಕಿಡೋನಿಕ್ ಆಮ್ಲದ ಪಾಲು ಏರುತ್ತದೆ. ಆಮೇಲೆ ಶೀತಶುಷ್ಕಗೊಳಿಸಿ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿ), ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಮಿಶ್ರಣದಲ್ಲಿ ಎಣ್ಣೆಯನ್ನು ತೆಗೆಯುತ್ತಿದ್ದೆ. ಇದು ಪರೀಕ್ಷೆಗಷ್ಟೇ ಸರಿ. ತಿನ್ನುವ ಎಣ್ಣೆಗೆ ಆ ದ್ರಾವಕಗಳು ಸಲ್ಲವು. ಇಂಗಾಲದ ಪರಮಾಣುಗಳ ನಡುವೆ ನಾಲ್ಕು ದ್ವಿಬಂಧಗಳುಳ್ಳ ಈ ಆಮ್ಲ ಗಾಳಿ ತಗುಲಿದರೆ ಬೇಗ ಕಮಟುವುದರಿಂದ, ಸೀಸೆಯೊಳಗೆ ಸಾರಜನಕ ಅನಿಲವನ್ನು ತುಂಬಿ ಮುಚ್ಚುವುದನ್ನು ಎಂದೂ ಬಿಡಲಿಲ್ಲ.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ ಶಿಲೀಂಧ್ರವನ್ನು 12 ಡಿಗ್ರಿಯಲ್ಲಿ ಬೆಳೆಸಿದ ಪ್ರಯೋಗ. ಚಳಿಯಲ್ಲಿ ಅದು ಅರಾಕಿಡೋನಿಕ್ ಆಮ್ಲದ ಒಂದು ಪಾಲಿಗೆ ಐದನೆಯ ದ್ವಿಬಂಧವನ್ನು ಸೇರಿಸಿ, ಮೀನೆಣ್ಣೆಯಲ್ಲಿರುವ ಇಪಿಎ ಎಂಬ ಒಮೆಗಾ-3 ಕೊಬ್ಬಿನಾಮ್ಲವನ್ನು ತಯಾರಿಸುತ್ತದೆ. ಬೆಚ್ಚಗೆ ಬೆಳೆದ ಮಾದರಿಯಲ್ಲಿ ಕಾಣದಿದ್ದ ಇಪಿಎಯ ಸಣ್ಣ ಶಿಖರ, ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿ ತೋರಿಸುವ ಅನಿಲ ಕ್ರೊಮ್ಯಾಟೋಗ್ರಫಿಯ ನಕ್ಷೆಯಲ್ಲಿ ಮೂಡಿದ ಸಂಜೆ, ಖಚಿತಪಡಿಸಿಕೊಳ್ಳಲು ಅದೇ ಮಾದರಿಯನ್ನು ಮೂರು ಬಾರಿ ಓಡಿಸಿದೆ.