ರಜಾ ದಿನದ ನೋಟ್‌ಬುಕ್, ಶಾಲೆಯ ಚಿಲಕ

"ಡಾಕ್ಟ್ರೇ, ಇವನಿಗೆ ಯಾವಾಗ ಸರಿ ಹೋಗುತ್ತೆ?" ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವ ಮಗುವನ್ನು ಕರೆತಂದ ಅಮ್ಮಂದಿರು ಮೊದಲು ಕೇಳುವುದೇ ಇದನ್ನು. ಮಗು ತಲೆ ತಗ್ಗಿಸಿ ಕೂತಿರುತ್ತದೆ. ಮೊದಮೊದಲು ನಾನು ಎಲ್ಲರಿಗೂ ರಾತ್ರಿಯ ಉಚ್ಚೆ ಕಡಿಮೆ ಮಾಡುವ ಡೆಸ್ಮೋಪ್ರೆಸಿನ್ ಮಾತ್ರೆ ಬರೆಯುತ್ತಿದ್ದೆ. ಕೆಲವರಿಗೆ ವಾರದಲ್ಲೇ ಗುಣ ಕಾಣುತ್ತಿತ್ತು, ಕೆಲವರಿಗೆ ಏನೂ ಆಗುತ್ತಿರಲಿಲ್ಲ. ಯಾಕೆ ಅಂತ ಹೊಳೆಯುತ್ತಿರಲಿಲ್ಲ.

ಈಗ ಔಷಧಿಗೆ ಮೊದಲು ಒಂದು ನೋಟ್‌ಬುಕ್ ಕೇಳುತ್ತೇನೆ. ಎರಡು ರಜಾ ದಿನ ಮಗು ಪ್ರತಿ ಸಲ ಎಷ್ಟು ಉಚ್ಚೆ ಮಾಡಿತು ಎಂದು ಅಳತೆ ಮಗ್ಗಿನಲ್ಲಿ ಹಿಡಿದು ಬರೆಯಬೇಕು. ಒಂದು ವಾರ ರಾತ್ರಿ ಡಯಾಪರ್ ಹಾಕಿ, ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ಒಣ ಡಯಾಪರ್ ತೂಕ ಕಳೆದರೆ, ಉಳಿದ ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಎಂಎಲ್. ಎದ್ದ ತಕ್ಷಣದ ಉಚ್ಚೆಯನ್ನೂ ಸೇರಿಸಬೇಕು.

ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿ. ಮೂತ್ರಕೋಶ ಎಷ್ಟು ಎಂಎಲ್ ಹಿಡಿಯಬೇಕು ಎಂಬ ಅಂದಾಜು ಸಿಗುತ್ತದೆ. ರಾತ್ರಿಯ ಉಚ್ಚೆ ಇದರ ಶೇ. 130 ದಾಟಿ, ಮೂತ್ರಕೋಶ ವಯಸ್ಸಿಗೆ ತಕ್ಕಷ್ಟಿದ್ದರೆ ಮಾತ್ರೆ ನಾಟುವ ಸಾಧ್ಯತೆ ಜಾಸ್ತಿ. ಮಾತ್ರೆ ನುಂಗಿದ ಮೇಲೆ ಬೆಳಗಿನವರೆಗೆ ನೀರು ಕುಡಿಯಬಾರದು ಎಂದು ಎರಡೆರಡು ಸಲ ಹೇಳುತ್ತೇನೆ. ಮೂತ್ರಕೋಶವೇ ಚಿಕ್ಕದಾಗಿದ್ದರೆ, ಒದ್ದೆಯಾದ ತಕ್ಷಣ ಸದ್ದು ಮಾಡಿ ಮಗುವನ್ನು ಎಬ್ಬಿಸುವ ಅಲಾರಂ ಮೇಲು.

ಒಂಬತ್ತು ವರ್ಷದ ಹುಡುಗನೊಬ್ಬನ ನೋಟ್‌ಬುಕ್ ಈಗಲೂ ಕಣ್ಣ ಮುಂದಿದೆ. 300 ಎಂಎಲ್ ಹಿಡಿಯಬೇಕಾದ ಕಡೆ, ಹಗಲಿನ ಅತಿ ಹೆಚ್ಚು ಅಳತೆ 150. ಅಲಾರಂ ಕೊಡೋಣ ಅಂದುಕೊಂಡೆ. ಅಷ್ಟರಲ್ಲಿ ಅಮ್ಮ, "ಕಕ್ಕಸು ಮೂರು ದಿನಕ್ಕೊಮ್ಮೆ ಸರ್, ಅದೂ ಗಟ್ಟಿ" ಅಂದರು. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಮೊದಲು ಅದಕ್ಕೇ ಎರಡು ತಿಂಗಳು ಔಷಧಿ ಕೊಟ್ಟೆ. ಅಳತೆ 220ಕ್ಕೆ ಏರಿತು. ಆಮೇಲೆ ಅಲಾರಂ. ಎರಡು ವಾರ ಮನೆಯವರೆಲ್ಲ ಎದ್ದರು, ಅವನೊಬ್ಬ ಏಳಲಿಲ್ಲ. ಹೀಗಾಗುತ್ತೆ, ನೀವೇ ಅಲುಗಾಡಿಸಿ ಎಬ್ಬಿಸಿ ಬಚ್ಚಲಿಗೆ ನಡೆಸಿ ಅಂತ ಮೊದಲೇ ಹೇಳಿದ್ದೆ. ಹೇಳದಿದ್ದರೆ ಹೆಚ್ಚಿನವರು ಇಲ್ಲೇ ಕೈಬಿಡುತ್ತಾರೆ. ಮೂರನೇ ವಾರ ಹಾಸಿಗೆ ಮೇಲಿನ ಒದ್ದೆ ಕಲೆ ಅಂಗೈಯಷ್ಟಾಯಿತು. ಕಲೆ ಚಿಕ್ಕದಾಗತೊಡಗಿದರೆ ನನಗೆ ಧೈರ್ಯ. ಹನ್ನೊಂದನೇ ವಾರದ ಹೊತ್ತಿಗೆ ಸಾಲಾಗಿ 14 ರಾತ್ರಿ ಒಣಗಿದ ಹಾಸಿಗೆ.

ಒಂದೇ ಕೋಣೆ, ಹಸುಗೂಸು, ಅಪ್ಪನಿಗೆ ನೈಟ್ ಶಿಫ್ಟ್. ಇಂಥ ಮನೆಗೆ ಲೆಕ್ಕ ಏನೇ ಹೇಳಲಿ, ಸದ್ಯಕ್ಕೆ ಅಲಾರಂ ಕೊಡುವುದಿಲ್ಲ.

ನನ್ನ ಅಂದಾಜು ಪೂರ್ತಿ ತಪ್ಪಿದ್ದು ಎಂಟು ವರ್ಷದ ಹುಡುಗಿಯ ವಿಷಯದಲ್ಲಿ. ಹಗಲಲ್ಲೇ ಚಡ್ಡಿ ಒದ್ದೆಯಾಗುತ್ತಿತ್ತು. ನೋಟ್‌ಬುಕ್‌ನಲ್ಲಿ ಎಲ್ಲ ಚೆನ್ನಾಗಿತ್ತು. ಹೊತ್ತು ಹೊತ್ತಿಗೆ ಹೋಗುವ ಅಭ್ಯಾಸ ಮಾಡಿಸಿದರೆ ಸಾಕು, ಬೇಗ ಸರಿ ಹೋಗುತ್ತೆ ಅಂದಿದ್ದೆ. ಮೂರು ತಿಂಗಳಾದರೂ ಹಾಗೇ ಇತ್ತು. ಒಂದು ದಿನ ಅವಳನ್ನೇ ಕೇಳಿದೆ: "ಶಾಲೆಯಲ್ಲಿ ಎಷ್ಟು ಸಲ ಹೋಗ್ತೀಯಾ ಪುಟ್ಟಿ?" ಅವಳು ಮೆಲ್ಲಗೆ, "ಹೋಗಲ್ಲ. ಬಾಗಿಲಿಗೆ ಚಿಲಕ ಇಲ್ಲ" ಅಂದಳು. ನಾನು ಬರೆಸಿದ್ದು ಬರೀ ರಜಾ ದಿನದ ಲೆಕ್ಕ, ಅಲ್ವಾ! ಅಮ್ಮ ಹೋಗಿ ಟೀಚರ್ ಹತ್ತಿರ ಮಾತಾಡಿದರು. ಟೀಚರ್‌ಗಳ ಶೌಚಾಲಯಕ್ಕೆ ಹೋಗಲು ಬಿಟ್ಟರು. ತಿಂಗಳೊಳಗೆ ಅವಳ ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ ಇಡುವುದು ನಿಂತಿತು.