ಮೊದ್ಲು ಅವ್ರಿಗೆ ಬೇಕಾದ ಫೋಟೋ, ಆಮೇಲೆ ನಂಗೆ ಬೇಕಾದ್ದು

ಪೋರ್ಟ್ರೇಟ್ ಹೇಗೆ ತೆಗೀತೀರ ಅಂತ ಕೇಳೋರೆಲ್ಲ ಲೆನ್ಸ್ ಬಗ್ಗೆ ಉತ್ತರ ಬರತ್ತೆ ಅಂತಾನೇ ಕಾಯ್ತಿರ್ತಾರೆ, ಅದನ್ನ ಮೊದ್ಲೇ ಹೇಳಿ ಮುಗಿಸ್ಬಿಡ್ತೀನಿ. ನಂದು ಹಳೇ ಕ್ಯಾನನ್ ಕ್ರಾಪ್ ಸೆನ್ಸರ್ (ಅಂದ್ರೆ ಸೆನ್ಸರ್ ಸ್ವಲ್ಪ ಚಿಕ್ಕದಿರೋ) ಬಾಡಿ, ಅದಕ್ಕೊಂದು 50 ಎಂಎಂ ಎಫ್ 1.8 ಲೆನ್ಸ್; ಈ ಎಫ್ ನಂಬರ್ ಚಿಕ್ಕದಾದಷ್ಟೂ ಮುಖದ ಹಿಂದಿರೋದು ಮಸುಕಾಗತ್ತೆ. ಕ್ರಾಪ್ ಲೆಕ್ಕ ಹಾಕಿದ್ರೆ ಅದು 80 ಎಂಎಂ ಥರ ಕೆಲ್ಸ ಮಾಡತ್ತೆ, ಮುಖಕ್ಕೆ ಅಷ್ಟು ಸಾಕು. ಗುಡಿ, ಬೆಟ್ಟ, ಬೀದಿಗೆ 24 ಎಂಎಂ ಒಂದು ಬ್ಯಾಗಲ್ಲಿರತ್ತೆ. ದೊಡ್ಡ ಝೂಮ್ ತಗೊಂಡೇ ಹೋಗಲ್ಲ, ಅದು ಕೈಲಿದ್ರೆ ರಸ್ತೆ ಆಚೆ ನಿಂತು ಕದ್ದು ತೆಗೆಯೋ ಚಟ ಹತ್ತತ್ತೆ, ಅದಕ್ಕೆ ಕ್ಯಾಂಡಿಡ್ ಅಂತ ಒಳ್ಳೇ ಹೆಸರು ಬೇರೆ ಇಟ್ಕೊಂಡಿದೀವಿ. 50ರಲ್ಲಿ ಎದೆವರೆಗಿನ ಫೋಟೋ ಬೇಕಂದ್ರೆ ಒಂದೂವರೆ-ಎರಡು ಮೀಟರ್ ಹತ್ರಕ್ಕೆ ಹೋಗ್ಲೇಬೇಕು, ಅಷ್ಟು ಹತ್ರ ಹೋದ್ಮೇಲೆ ಮಾತಾಡ್ಸದೆ ಇರಕ್ಕಾಗಲ್ಲ.

ನಾನು ಶಿವಮೊಗ್ಗದವ್ನು ಆದ್ರೂ ಹೆಚ್ಚು ತಿರುಗೋದು ಬಾದಾಮಿ ಕಡೆ. ನಮ್ಮೂರ ಕಡೆ ಮರದ ಕೆಳಗೆ ಯಾರನ್ನಾದ್ರೂ ನಿಲ್ಸಿದ್ರೆ ಎಲೆ ಹಸಿರೆಲ್ಲ ಮುಖಕ್ಕೆ ಬಿದ್ದು ಜ್ವರ ಬಂದು ಎದ್ದವ್ರ ಥರ ಕಾಣ್ತಾರೆ. ಬಾದಾಮೀಲಿ ಅದಕ್ಕೆ ಉಲ್ಟಾ. ಅಲ್ಲಿನ ಕೆಂಪು ಮರಳುಗಲ್ಲಿಗೆ ಬಿಸಿಲು ಬಿದ್ರೆ ಆ ಬಂಡೆನೇ ದೊಡ್ಡ ರಿಫ್ಲೆಕ್ಟರ್, ಎದುರಿಗೆ ನೆರಳಲ್ಲಿ ಕೂತವ್ರ ಕೆನ್ನೆ ಮೇಲೆ ತಿಳಿ ಕೆಂಪು ಬೆಳಕು ಬಂದು ಕೂರತ್ತೆ, ಅಲ್ಲಿನ ಅಗಸ್ತ್ಯ ತೀರ್ಥದ ಕೆರೆ ಸುತ್ತ ಸಂಜೆ ಹೊತ್ತು ಇದು ಚೆನ್ನಾಗಿ ಗೊತ್ತಾಗತ್ತೆ. ಒಂದೇ ತೊಂದ್ರೆ ಅಂದ್ರೆ ಕ್ಯಾಮೆರಾ ತಾನೇ ಬಣ್ಣ ಸರಿ ಮಾಡೋ ಆಟೋ ವೈಟ್ ಬ್ಯಾಲೆನ್ಸ್ ಈ ಕೆಂಪನ್ನ ದೋಷ ಅನ್ಕೊಂಡು ತೊಳೆದು ಹಾಕಿಬಿಡತ್ತೆ, ಅದಕ್ಕೆ ನಾನು ಡೇಲೈಟ್‌ಗೆ, ಅಂದ್ರೆ 5200 ಕೆಲ್ವಿನ್ ಹತ್ರ, ಫಿಕ್ಸ್ ಮಾಡಿ ಬಿಟ್ಬಿಡ್ತೀನಿ.

ಅಲ್ಲಿಂದ ಐದು ಕಿಲೋಮೀಟರ್ ಹೋದ್ರೆ ಬನಶಂಕರಿ. ಜನವರಿ ಹೊತ್ತಿಗೆ ಬನದ ಹುಣ್ಣಿಮೆಗೆ ಜಾತ್ರೆ, ತೇರು ಆದ್ಮೇಲೂ ವಾರಗಟ್ಲೆ ನಡೆಯತ್ತೆ, ನಾಟಕ ಕಂಪನಿಗಳು ಟೆಂಟ್ ಹಾಕ್ತಾವೆ. ಜಾತ್ರೆ ಇಲ್ದೇ ಇದ್ರೂ ಗುಡಿ ಮುಂದೆ ಹೆಂಗಸ್ರು ಬುಟ್ಟೀಲಿ ಜೋಳದ ರೊಟ್ಟಿ, ಚಟ್ನಿ ಪುಡಿ, ಗಡಿಗೆ ಮೊಸರು ಇಟ್ಕೊಂಡು ಕೂತಿರ್ತಾರೆ. ಅವ್ರಲ್ಲಿ ಒಬ್ಬ ಅಜ್ಜಿ ಹತ್ರ ಊಟ ಮಾಡ್ತಾ ನಿಮ್ದೊಂದು ಫೋಟೋ ತೆಗೀಲಾ ಅಜ್ಜಿ ಅಂದೆ. “ನಂದೇನ ತಗೀತಿ ತಮ್ಮಾ, ಅಲ್ಲೇ ಗುಡಿ ಐತಿ ನೋಡು, ಅದರದ ತಗಿ” ಅಂದ್ರು, ಅಂದವ್ರೇ ಸೆರಗು ತಲೆ ಮೇಲೆ ಎಳ್ಕೊಂಡು, ರೊಟ್ಟಿ ಬುಟ್ಟಿ ಆ ಕಡೆ ಸರಿಸಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತ್ರು. ಅಲ್ಲೀವರೆಗೂ ಇದ್ದ ನಗು ಪೂರ್ತಿ ಮಾಯ.

ಇಲ್ಲೇ ನೋಡಿ ಹೆಚ್ಚಿನ ಫೋಟೋಗ್ರಾಫರ್‌ಗಳು ಆರಾಮಾಗಿರಿ, ನ್ಯಾಚುರಲ್ ಆಗಿರಿ, ಕ್ಯಾಮೆರಾ ನೋಡ್ಬೇಡಿ ಅಂತ ಶುರು ಮಾಡೋದು. ನಾನು ಹೇಳಲ್ಲ. ಆ ಅಜ್ಜಿಗೆ ಫೋಟೋ ಅಂದ್ರೆ ಪಟ್ಟಣದ ಸ್ಟುಡಿಯೋಗೆ ಒಳ್ಳೇ ಸೀರೆ ಉಟ್ಕೊಂಡು ಹೋಗಿ ತೆಗೆಸ್ಕೊಳ್ಳೋದು, ಗೋಡೆ ಮೇಲೆ ಮನೆ ಹಿರೀಕರ ಪಕ್ಕ ನಿಲ್ಲೋದು. ಕೆಲಸ ಮಾಡೋವಾಗ, ಬಾಯಿ ತೆರೆದಾಗ ತೆಗೆದ್ರೆ ಅದು ಅವ್ರ ಲೆಕ್ಕದಲ್ಲಿ ಮರ್ಯಾದೆ ಕಳೆಯೋ ಕೆಲ್ಸ. ಹೀಗಾಗಿ ನಾನು ಮೊದ್ಲು ಅವ್ರು ಕೂತ ಹಾಗೇ, ಅವ್ರಿಗೆ ಬೇಕಾದ ಹಾಗೇ ತೆಗೀತೀನಿ, ಕಾಟಾಚಾರಕ್ಕಲ್ಲ, ಸೀರಿಯಸ್ಸಾಗಿ. ನೆಲದ ಮೇಲೆ ಕೂತ್ಕೋತೀನಿ, ಕ್ಯಾಮೆರಾ ಅವ್ರ ಕಣ್ಣಿನ ಮಟ್ಟಕ್ಕೆ, ಎಫ್ 5.6, ಎರಡೂ ಕಣ್ಣು ಶಾರ್ಪ್, ಸೀರೆ ಅಂಚು ಸೈತ ಕಾಣ್ಬೇಕು. ಆಮೇಲೆ ಸ್ಕ್ರೀನ್ ತೋರಿಸ್ತೀನಿ. “ಅಯ್ಯ ಶಿವನೇ, ಎಷ್ಟ ಮುದುಕಿ ಕಾಣಾಕತ್ತೀನಿ” ಅಂತ ಪಕ್ಕದವ್ರನ್ನೆಲ್ಲ ಕರೆದು ತೋರಿಸಿ ಒಂದ್ ರೌಂಡ್ ನಗು ಆಗತ್ತೆ, ಬುಟ್ಟಿ ವಾಪಸ್ ಮುಂದಕ್ಕೆ ಬರತ್ತೆ, ಗಿರಾಕಿ ಬರ್ತಾರೆ, ನಾನಲ್ಲೇ ಕೂತಿರ್ತೀನಿ, ಎಫ್ 2.2ಕ್ಕೆ ಇಳಿಸಿ ನನ್ ಫೋಟೋ ಆಗ ತೆಗೀತೀನಿ. ಮಜಾ ಏನಂದ್ರೆ ಮನೆಗೆ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಎಷ್ಟೋ ಸಲ ಮೊದಲಿನದೇ ಗಟ್ಟಿ ಇರತ್ತೆ.

ಈ ಸೆಟೆದು ಕೂರೋ ಅಭ್ಯಾಸ ಶುರುವಾಗಿದ್ದೇ ಕ್ಯಾಮೆರಾ ನಿಧಾನ ಇದ್ದ ಕಾಲದಲ್ಲಿ ಅನ್ಸತ್ತೆ. ಹಂಪಿ ಫೋಟೋ ಇತಿಹಾಸ ನೋಡಿದ್ರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಅಧಿಕಾರಿ ಮೇಣ ಸವರಿದ ಪೇಪರ್ ನೆಗೆಟಿವ್ ಇಟ್ಕೊಂಡು ಅಲ್ಲಿನ ಗುಡಿಗಳನ್ನ ತೆಗೆದಿದಾನೆ. ಅಂಥ ಪೇಪರ್ ಮೇಲೆ ಚಿತ್ರ ಮೂಡೋಕೆ ನಿಮಿಷಗಟ್ಲೆ ಬೆಳಕು ಬೀಳ್ಬೇಕಾಗ್ತಿತ್ತು, ಕಲ್ಲಿಗೆ ಅದೇನೂ ಕಷ್ಟ ಅಲ್ಲ, ಮನುಷ್ಯ ಅಲ್ಲಾಡಿದ್ರೆ ಮಸುಕು ಮಸುಕು, ಇಲ್ಲಾ ಕಾಣೋದೇ ಇಲ್ಲ. ಹಂಪಿಗೆ ಹೋದವ್ರು ವಿರೂಪಾಕ್ಷ ಗುಡೀಲಿ ಹಿಂದಿನ ಕತ್ತಲೆ ಕೋಣೆ ಗೋಡೆ ಮೇಲೆ ಸಣ್ಣ ಕಿಂಡಿಯಿಂದ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳೋದನ್ನ ನೋಡ್ದೇ ಬರ್ಬೇಡಿ, ಲೆನ್ಸೇ ಇಲ್ದಿರೋ ಕ್ಯಾಮೆರಾ ಅದು. ಹಂಪೀಲಿ ಫೋಟೋಗೆ ನಿಲ್ಲೋ ಲಂಬಾಣಿ ಹೆಂಗಸ್ರು ದುಡ್ಡು ಕೇಳ್ತಾರೆ ಅಂತ ನನ್ ಫ್ರೆಂಡ್ಸ್ ಗೊಣಗ್ತಾರೆ. ಕೇಳ್ಲಿ ಬಿಡಿ, ಕನ್ನಡಿ ಕೂರ್ಸಿದ ಆ ಕಸೂತಿ ಬಟ್ಟೆ ಅವ್ರದ್ದು, ಟೈಮು ಅವ್ರದ್ದು, ರೇಟ್ ಮೊದ್ಲೇ ಮಾತಾಡ್ಕೊಳ್ಳಿ.

ಮೈಸೂರಿನ ಫೋಟೋ ಪತ್ರಕರ್ತ ಟಿ.ಎಸ್. ಸತ್ಯನ್ ಅವ್ರ ಫೋಟೋಗಳನ್ನ ನಾನು ಪದೇ ಪದೇ ತೆಗೆದು ನೋಡ್ತೀನಿ. 1977ರಲ್ಲಿ ಪದ್ಮಶ್ರೀ ಬಂದಿತ್ತು ಅವ್ರಿಗೆ, 1979ರಲ್ಲಿ, ಅದು ಅಂತರರಾಷ್ಟ್ರೀಯ ಮಕ್ಕಳ ವರ್ಷ, ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರೀಲಿ ಅವ್ರ ಮಕ್ಕಳ ಫೋಟೋಗಳ ಪ್ರದರ್ಶನ ಆಗಿತ್ತು. ಅವ್ರು ತೆಗೆದ ಹಳ್ಳಿ ಮಕ್ಕಳನ್ನ, ಕೂಲಿಯವ್ರನ್ನ ನೋಡಿದ್ರೆ ಅಯ್ಯೋ ಪಾಪ ಅನ್ಸಲ್ಲ, ಒಂದ್ಸಲ ಮಾತಾಡ್ಸೋಣ ಅನ್ಸತ್ತೆ. ಈಗ ಫೋನ್ ತೆಗೆದ್ರೆ “ಬಡತನದಲ್ಲೂ ಮಾಸದ ನಗು” ಅನ್ನೋ ಕ್ಯಾಪ್ಷನ್ ಕಂಡು ತಲೆ ಕೆಡತ್ತೆ, ಆ ಅಜ್ಜಿ ನಿಮ್ಗೆ ಬಡತನ ಅಂತ ಹೇಳಿದ್ರಾ? ನಾನು ಯಾವ ಊರು, ಏನ್ ಮಾರ್ತಿದ್ರು, ಏನಂದ್ರು, ಅಷ್ಟೇ ಬರೀತೀನಿ. ಫೋಟೋ ತೆಗೆಯೋಕೆ ಒಪ್ಪಿದ್ರು ಅಂದ್ರೆ ಹಾಕೋಕೂ ಒಪ್ಪಿದ ಹಾಗಲ್ಲ, ಮೊಬೈಲಲ್ಲಿ ಎಲ್ರೂ ನೋಡೋ ಹಾಗೆ ಹಾಕ್ಲಾ ಅಂತ ಬೇರೆ ಕೇಳ್ತೀನಿ. ಮಕ್ಕಳಾದ್ರೆ ಅಪ್ಪ-ಅಮ್ಮನ್ನ ಕೇಳದೆ ಹಾಕಲ್ಲ.

ಬೆಳಕಿನ ವಿಷ್ಯ ಒಂದೆರಡು. ಆ ಕಡೆ ಗಂಡಸ್ರ ತಲೆ ಮೇಲೆ ಬಿಳೀ ಪಟಗ, ಮುಖ ಬಿಸಿಲಲ್ಲಿ ದುಡಿದು ಕಪ್ಪಾಗಿರೋದು, ಎರಡೂ ಸರಿ ಬರ್ಬೇಕಂದ್ರೆ ನಡು ಮಧ್ಯಾಹ್ನದ ಬಿಸಿಲಲ್ಲಿ ಆಗೋದೇ ಇಲ್ಲ. ಚಪ್ಪರದ ನೆರಳಿನ ಅಂಚಿಗೆ ಕೂರ್ಸಿ, ಮುಖ ಹೊರಗಡೆ ತಿರುಗಿರ್ಲಿ, ಒಂದೇ ಜಾಗದ ಬೆಳಕು ಅಳೆಯೋ ಸ್ಪಾಟ್ ಮೀಟರ್ ಕೆನ್ನೆಗೆ ಹಿಡಿದು ಅಲ್ಲಿಂದ ಒಂದು ಸ್ಟಾಪ್ (ಅಂದ್ರೆ ಅರ್ಧದಷ್ಟು ಬೆಳಕು) ಕಮ್ಮಿ ಮಾಡಿ, ಆಮೇಲೆ ತಿದ್ದೋಕೆ ಅನುಕೂಲ ಆಗೋ ರಾ ಫೈಲಲ್ಲಿ ತೆಗೀರಿ, ಪಟಗದ ಮಡಿಕೆನೂ ಉಳಿಯತ್ತೆ, ಮುಖದ ಬಣ್ಣ ಬಿಳಿಚ್ಕೊಳ್ಳೋದೂ ಇಲ್ಲ. ನಾಟಕದ ಟೆಂಟಲ್ಲಿ ಟ್ಯೂಬ್‌ಲೈಟು ನಮ್ಮ 50 ಹರ್ಟ್ಜ್ ಕರೆಂಟಿಗೆ ಸೆಕೆಂಡಿಗೆ 100 ಸಲ ಮಿನುಗ್ತಿರತ್ತೆ, ಶಟರ್ 1/50 ಇಲ್ಲಾ 1/100 ಇಟ್ರೆ ಪಟ್ಟೆಪಟ್ಟೆ ಬರಲ್ಲ. ಅಲ್ಲೇ ಒಬ್ರು ಕಲಾವಿದೆ ಕನ್ನಡಿ ಮುಂದೆ ಅರ್ಧ ಬಣ್ಣ ಹಚ್ಕೊಂಡಿದ್ರು, ನಮ್ಮ ಪೈಕಿ ಯಾರಿಗೆ ತೋರ್ಸಿದ್ರೂ ಅದೇ ಫ್ರೇಮ್ ಬೇಕು ಅಂತಿದ್ರು, ಅವ್ರು “ಮೇಕಪ್ ಮುಗೀಲಿ ಸರ, ಆಮ್ಯಾಲ ತಗೀರಿ” ಅಂದ್ರು. ಕ್ಯಾಮೆರಾ ಬ್ಯಾಗಿಗೆ ಹಾಕಿ ಚಾ ಕುಡಿಯಕ್ಕೆ ಹೋದೆ. ವಾಪಸ್ ಬಂದಾಗ ಪೂರ್ತಿ ವೇಷದಲ್ಲಿ, ಸೊಂಟಕ್ಕೆ ಕೈ ಇಟ್ಟು ನಿಂತು ತೆಗೆಸ್ಕೊಂಡ್ರು.

ಇನ್ನು ಪ್ರಿಂಟು. ಕಳಿಸ್ತೀನಿ ಅಂದು ಕಳಿಸದೇ ಇರೋ ಫೋಟೋಗ್ರಾಫರ್‌ಗಳನ್ನ ಆ ಜನ ಬೇಕಾದಷ್ಟು ನೋಡಿದಾರೆ, ಅದಕ್ಕೆ ಪ್ರಿಂಟ್ ಕೈಗೆ ಬಂದ್ಮೇಲೇ ನಮ್ಮನ್ನ ನಂಬೋದು. ವಿಳಾಸದ ಬದಲು ಇಂಥಾ ಚಹಾ ಅಂಗಡಿಗೆ ಕೊಟ್ರೆ ಮುಟ್ಟತ್ತೆ ಅಂತ ಬರ್ಕೊಂಡಿರ್ತೀನಿ, ಅದೇ ಅಂಗಡಿಗೆ ಕವರ್ ಪೋಸ್ಟ್ ಮಾಡೋದು, ಇಲ್ಲಾ ಮುಂದಿನ ಸಲ ಕೈಲೇ ಕೊಡೋದು. ನಂಗೆ ಇಷ್ಟ ಮ್ಯಾಟ್ ಪೇಪರ್, ಸುತ್ತ ಬಿಳಿ ಬಾರ್ಡರ್. ಅಜ್ಜಿ ಅದನ್ನ ತಿರುಗ್ಸಿ ಮುರುಗ್ಸಿ ನೋಡಿ, “ಹಿಂಗ ಕೊಟ್ರ ಮಳ್ಯಾಗ ಹಾಳಾಗತೈತಿ, ಪ್ಲಾಸ್ಟಿಕ್ ಹಾಕಿಸಿ ಕೊಡು ತಮ್ಮಾ” ಅಂದ್ರು. ಈಗ ಮ್ಯಾಟ್ ನನ್ ಹತ್ರ ಇರೋ ಕಾಪಿಗೆ ಮಾತ್ರ, ಅವ್ರಿಗೆಲ್ಲ ಮಿರಮಿರ ಗ್ಲಾಸಿ, ಮೇಲೆ ಲ್ಯಾಮಿನೇಷನ್, ಗೋಡೆಗೆ ಮೊಳೆ ಹೊಡಿಯೋಕೆ ಮೇಲೊಂದು ತೂತು.