ಹೊಸೂರಿನ ಮಹಡಿಯಿಂದ ರಾಕೆಟ್ ನೋಡುವುದು ಹೇಗೆ?

ಹೊಸೂರಿನಿಂದ ಶ್ರೀಹರಿಕೋಟಾಕ್ಕೆ ನೇರ ಗೆರೆ ಎಳೆದರೆ ಸುಮಾರು 280 ಕಿ.ಮೀ. ಅಷ್ಟು ದೂರದ ರಾಕೆಟ್ ಮನೆ ಮಹಡಿಯಿಂದ ಕಾಣುತ್ತದೆಯೇ? ಹೊತ್ತು ಸರಿಯಿದ್ದು, ಆಕಾಶ ತಿಳಿಯಾಗಿದ್ದರೆ ಖಂಡಿತ ಕಾಣುತ್ತದೆ. ಆದರೆ ಜಾಸ್ತಿ ಜನ ತಲೆ ಎತ್ತಿ ನೆತ್ತಿಯ ಮೇಲೆ ಹುಡುಕುತ್ತಾರೆ. ನಾವು ನೋಡಬೇಕಾದ್ದು ಎದುರಿನ ತೆಂಗಿನಮರದ ತಲೆಯ ಆಸುಪಾಸಿನಲ್ಲಿ.

ಮೊದಲು ಉಡಾವಣೆಯ ಸಮಯ ನೋಡಿ. ಇಸ್ರೊ ವೆಬ್‌ಸೈಟ್‌ನಲ್ಲಿ ಮುಂಚೆಯೇ ಸಿಗುತ್ತದೆ. ಚಂದ್ರಯಾನ-3 ಹೊರಟಿದ್ದು 2023ರ ಜುಲೈ 14ರ ಮಧ್ಯಾಹ್ನ 2.35ಕ್ಕೆ. ಅಂಥ ಬಿಸಿಲಲ್ಲಿ ಇಷ್ಟು ದೂರಕ್ಕೆ ಏನಾದರೂ ಕಾಣುವುದು ಕಷ್ಟ. 2024ರ ಡಿಸೆಂಬರ್ 30ರ ರಾತ್ರಿ 10ಕ್ಕೆ ಹಾರಿದ ಪಿಎಸ್‌ಎಲ್‌ವಿ-ಸಿ60, 2025ರ ಜನವರಿ 29ರ ಬೆಳಗ್ಗೆ 6.23ಕ್ಕೆ ಹಾರಿದ ಜಿಎಸ್‌ಎಲ್‌ವಿ-ಎಫ್15, ಇವು ನಮಗೆ ಬೇಕಾದಂಥ ಹೊತ್ತು. ನಸುಕು, ಮುಸ್ಸಂಜೆಯಾದರೆ ಇನ್ನೂ ಚೆಂದ. ನೆಲದ ಮೇಲೆ ಕತ್ತಲು, ಮೇಲೇರಿದ ಹೊಗೆಗೆ ಮಾತ್ರ ಬಿಸಿಲು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮೋಡ ಅಡ್ಡ ಬರಬಹುದು.

ದಿಕ್ಕು ಗುರುತಿಸುವುದು ಸುಲಭ. ಫೋನಿನ ದಿಕ್ಸೂಚಿಯಲ್ಲಿ 67 ಡಿಗ್ರಿ ಹುಡುಕಿ. ಪೂರ್ವಕ್ಕೆ ಮುಖ ಮಾಡಿ ಸ್ವಲ್ಪ ಎಡಕ್ಕೆ ತಿರುಗಿದರೆ ಆಯಿತು, ಬೇರಿಗೆ ಊರು ಇರುವ ಕಡೆ. ಹಗಲಲ್ಲೇ ನೋಡಿಟ್ಟುಕೊಳ್ಳಿ.

ಇನ್ನು ಎತ್ತರ. ಭೂಮಿ ಗುಂಡಗಿರುವುದರಿಂದ ರಾಕೆಟ್‌ನ ಮೊದಲ 6 ಕಿ.ಮೀ. ಏರಿಕೆ ನಮಗೆ ಕಾಣುವುದೇ ಇಲ್ಲ. ಮರ, ಮನೆ, ದೂಳು ಎಲ್ಲ ದಾಟಿ ಕಣ್ಣಿಗೆ ಬೀಳಬೇಕಾದರೆ ಅದು ಸುಮಾರು 30 ಕಿ.ಮೀ. ಏರಿರಬೇಕು. ಅದಕ್ಕೆ ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ಹೇಳಿದ ಸಮಯಕ್ಕೆ ಏನೂ ಕಾಣಲಿಲ್ಲ ಅಂತ ಕೆಳಗಿಳಿದು ಹೋಗಬೇಡಿ, ನಿಜವಾದ ನೋಟ ಶುರುವಾಗುವುದೇ ಆಮೇಲೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಪಿಎಸ್‌ಎಲ್‌ವಿಯ ಮೊದಲ ಹಂತ ಎರಡು ನಿಮಿಷದೊಳಗೆ ಉರಿದು ಮುಗಿಯುತ್ತದೆ. ಆ ಕಿತ್ತಳೆ ಬೆಳಕೆಲ್ಲ ದಿಗಂತದಿಂದ ಒಂದು ಮುಷ್ಟಿ ಎತ್ತರದೊಳಗೇ. ಆಮೇಲೆ ಬೆಳಕು ಸಣ್ಣದಾಗಿ ಬಲಕ್ಕೆ, ಬಂಗಾಳ ಕೊಲ್ಲಿಯ ಕಡೆಗೆ ಸರಿಯುತ್ತದೆ. ಸದ್ದಿಗೆ ಕಾಯಬೇಡಿ, ಅದು ಇಲ್ಲಿಗೆ ಕೇಳಿಸುವುದಿಲ್ಲ.

ಫೋಟೊಗೂ ಇದೇ ಲೆಕ್ಕ. ಹತ್ತಿರದಿಂದ ತೆಗೆಯುವವರು ವೈಡ್ ಲೆನ್ಸ್ ಹಾಕುತ್ತಾರೆ, ಕ್ಯಾಮೆರಾ ನೆಟ್ಟಗೆ ನಿಲ್ಲಿಸುತ್ತಾರೆ. ನಮಗೆ 50 ಎಂ.ಎಂ. ಲೆನ್ಸ್ ಒಳ್ಳೆಯದು, ಕ್ಯಾಮೆರಾ ಅಡ್ಡ ಇರಲಿ. 67 ಡಿಗ್ರಿ ಜಾಗ ಚೌಕಟ್ಟಿನ ಎಡಭಾಗಕ್ಕೆ ಬರಲಿ, ರಾಕೆಟ್ ಬಲಕ್ಕೆ ಹೋಗಲು ಜಾಗ ಬೇಕಲ್ವಾ. ಟ್ರೈಪಾಡ್ ಇಲ್ಲದೆ ಆಗದು. ದೂರದ ಟವರ್‌ನ ಕೆಂಪು ದೀಪಕ್ಕೆ ಫೋಕಸ್ ಮಾಡಿ, ಆಟೊಫೋಕಸ್ ಆಫ್ ಮಾಡಿ. ರಾತ್ರಿಯಾದರೆ ಐಎಸ್‌ಒ 200, ಅಪರ್ಚರ್ ಎಫ್/4, ಒಂದೊಂದು ಫೋಟೊಗೆ 20 ಸೆಕೆಂಡ್. ನಸುಕಿನಲ್ಲಿ ಇಷ್ಟು ಹೊತ್ತು ಬಿಟ್ಟರೆ ಆಕಾಶ ಬೆಳ್ಳಗಾಗಿಬಿಡುತ್ತದೆ, ಹತ್ತು ನಿಮಿಷ ಮುಂಚೆ ಒಂದೆರಡು ತೆಗೆದು ನೋಡಿ ಸಮಯ ಇಳಿಸಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಪ್ರತಿ ಫೋಟೊ ಆದ ಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ನೆ ಕೂರುತ್ತದೆ, ಆಫ್ ಮಾಡಿ. ಫೋನಾದರೆ ಪ್ರೊ ಮೋಡ್, ಮೂರು ಸೆಕೆಂಡ್ ಟೈಮರ್.

ಯೂಟ್ಯೂಬ್ ನೇರಪ್ರಸಾರ ಕೆಲವು ಸೆಕೆಂಡ್ ಹಿಂದಿರುತ್ತದೆ. ಹಾಗಾಗಿ ಗಡಿಯಾರ ನೋಡಿಕೊಂಡು, ಹೇಳಿದ ಸಮಯ ಕಳೆದು ಒಂದು ನಿಮಿಷಕ್ಕೆ ಶಟರ್ ಒತ್ತಲು ಶುರು ಮಾಡಿ. ಆದರೂ ಮನೆಯವರೊಬ್ಬರು ಪ್ರಸಾರ ನೋಡುತ್ತಿರಲಿ. ಕೌಂಟ್‌ಡೌನ್ ನಡುವೆ ನಿಂತರೆ ಮಹಡಿ ಮೇಲಿರುವವರಿಗೆ ಕೂಗಿ ಹೇಳಲು ಒಬ್ಬರು ಬೇಕು.